ಮುಖ ನೋಡಿ ಮಣೆ ಹಾಕುತ್ತದೆಯೇ ಎಐ? ವಿಮಾನದ ಟಿಕೆಟ್ ದರದ ಒಳಲೆಕ್ಕ

ವಿಮಾನದಲ್ಲಿ ಅಕ್ಕಪಕ್ಕ ಕೂತವರು ಮಾತಿಗೆ ಮಾತು ಬೆಳೆದು ಟಿಕೆಟ್‌ಗೆ ಎಷ್ಟು ಕೊಟ್ಟೆವೆಂದು ಹೇಳಿಕೊಂಡರೆ, ಇಬ್ಬರಲ್ಲಿ ಒಬ್ಬರ ಪ್ರಯಾಣ ಅಲ್ಲಿಗೇ ಕೆಟ್ಟಂತೆ. ಒಂದೇ ವಿಮಾನ, ಒಂದೇ ಸಾಲು, ಮಂಡಿ ತಾಗುವ ಅದೇ ಇಕ್ಕಟ್ಟು. ಆದರೂ ಒಬ್ಬರು ಕೊಟ್ಟಿದ್ದು ಇನ್ನೊಬ್ಬರ ಎರಡು ಪಟ್ಟು. ಇದೇನೂ ಹೊಸತಲ್ಲ. ನಲವತ್ತು ವರ್ಷಗಳಿಂದ ಹೀಗೇ ನಡೆದಿದೆ, ನಾವೂ ಗೊಣಗಿಕೊಂಡೇ ಒಗ್ಗಿಹೋಗಿದ್ದೇವೆ.

ಹೊಸ ಗಲಾಟೆ ಎದ್ದದ್ದು 2025ರ ಜುಲೈನಲ್ಲಿ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನ ಆಗಿನ ಅಧ್ಯಕ್ಷ ಗ್ಲೆನ್ ಹೌವೆನ್‌ಸ್ಟೈನ್ ಹೂಡಿಕೆದಾರರೊಂದಿಗೆ ಮಾತಾಡುತ್ತಾ, ದೇಶದೊಳಗಿನ ಹಾರಾಟಗಳ ದರಗಳಲ್ಲಿ ಸುಮಾರು ಶೇ 3ರಷ್ಟನ್ನು ಕೃತಕ ಬುದ್ಧಿಮತ್ತೆ, ಅಂದರೆ ಎಐ, ನೆರವಿನಿಂದ ನಿಗದಿ ಮಾಡುತ್ತಿದ್ದೇವೆ, ವರ್ಷದ ಕೊನೆಗೆ ಅದನ್ನು ಶೇ 20ಕ್ಕೆ ಒಯ್ಯುವ ಗುರಿಯಿದೆ ಎಂದರು. ಇಷ್ಟೇ ಆಗಿದ್ದರೆ ಯಾರೂ ಕಿವಿ ನಿಮಿರಿಸುತ್ತಿರಲಿಲ್ಲವೇನೋ. ಆದರೆ 2024ರ ಕೊನೆಯಲ್ಲಿ ಇದೇ ವಿಷಯ ವಿವರಿಸುವಾಗ ಅವರು, ಮುಂದೊಂದು ದಿನ ಆ ವಿಮಾನಕ್ಕೆ, ಆ ಹೊತ್ತಿಗೆ, ನಿಮಗೆ, ನೀವೆಂಬ ಆ ಒಬ್ಬ ವ್ಯಕ್ತಿಗೆ ಎಂದೇ ಒಂದು ದರ ಇರುತ್ತದೆ ಎಂಬರ್ಥದ ಮಾತಾಡಿದ್ದರು. ಜನ ಎರಡನ್ನೂ ಜೋಡಿಸಿ ಓದಿಕೊಂಡರು. ರೂಬೆನ್ ಗಯೇಗೊ, ಮಾರ್ಕ್ ವಾರ್ನರ್, ರಿಚರ್ಡ್ ಬ್ಲೂಮೆಂಥಾಲ್ ಎಂಬ ಮೂವರು ಸೆನೆಟರ್‌ಗಳು ವಿವರಣೆ ಕೇಳಿ ಕಂಪನಿಗೆ ಪತ್ರ ಬರೆದರು. ಆಗಸ್ಟ್ ಆರಂಭದಲ್ಲಿ ಡೆಲ್ಟಾ ಉತ್ತರಿಸಿತು: ವೈಯಕ್ತಿಕ ಮಾಹಿತಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ದರ ಹೇಳುವ ವ್ಯವಸ್ಥೆಯನ್ನು ನಾವು ಬಳಸಿಲ್ಲ, ಪರೀಕ್ಷಿಸುತ್ತಿಲ್ಲ, ಬಳಸುವ ಯೋಚನೆಯೂ ಇಲ್ಲ.

ಹಾಗಾದರೆ ಎಐ ಮಾಡುತ್ತಿರುವುದೇನು? ಅದು ತಿಳಿಯಬೇಕಾದರೆ ಎಐ ಬರುವ ಮೊದಲು ಟಿಕೆಟ್ ದರ ಹೇಗೆ ಹುಟ್ಟುತ್ತಿತ್ತು ಎಂಬುದು ಗೊತ್ತಿರಬೇಕು. ಅಲ್ಲಿಂದಲೇ ಹೊರಡೋಣ.

ಹಾರಿಹೋದ ಸೀಟು ಮತ್ತೆ ಮಾರಾಟಕ್ಕಿಲ್ಲ

ಇವತ್ತು ಮಾರಾಟವಾಗದ ಅಂಗಿಯನ್ನು ಅಂಗಡಿಯವನು ನಾಳೆ ಮಾರಬಹುದು. ಇವತ್ತಿನ ವಿಮಾನದ ಖಾಲಿ ಸೀಟನ್ನು ನಾಳೆ ಮಾರಲಾಗದು. ಬಾಗಿಲು ಮುಚ್ಚಿದ ಕ್ಷಣಕ್ಕೆ ಅದರ ಬೆಲೆ ಸೊನ್ನೆ. ಇನ್ನೊಂದು ಕಡೆ, ಹೇಗೂ ಹಾರಲಿರುವ ವಿಮಾನಕ್ಕೆ ಇನ್ನೊಬ್ಬ ಪ್ರಯಾಣಿಕ ಹತ್ತಿದರೆ ಕಂಪನಿಗೆ ಬೀಳುವ ಹೆಚ್ಚುವರಿ ಖರ್ಚು ಅತ್ಯಲ್ಪ. ಪೈಲಟ್ ಸಂಬಳ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಎಲ್ಲ ಆಗಲೇ ಖರ್ಚಾಗಿವೆ.

ಈ ಲೆಕ್ಕದ ಪ್ರಕಾರ ಕೊನೇ ಗಳಿಗೆಯಲ್ಲಿ ಸೀಟನ್ನು ಸಿಕ್ಕಿದಷ್ಟಕ್ಕೆ ಮಾರಿಬಿಡಬೇಕು. ಆದರೆ ಹಾಗೆ ಮಾರುತ್ತಾರೆಂದು ಗೊತ್ತಾದರೆ ಎಲ್ಲರೂ ಕೊನೇ ಗಳಿಗೆಗೇ ಕಾಯುತ್ತಾರೆ. ಅದೂ ಅಲ್ಲದೆ ಕೊನೇ ಗಳಿಗೆಯಲ್ಲಿ ಟಿಕೆಟ್ ಹುಡುಕುವವರು ಸಾಮಾನ್ಯವಾಗಿ ಹೋಗಲೇಬೇಕಾದವರು: ನಾಳೆ ಬೆಳಿಗ್ಗೆ ಮೀಟಿಂಗ್ ಇರುವವರು, ಆಸ್ಪತ್ರೆಯಿಂದ ಫೋನ್ ಬಂದವರು. ಅವರು ಎಷ್ಟಾದರೂ ಕೊಡುತ್ತಾರೆ. ರಜೆಗೆ ಹೊರಟವರು ಹಾಗಲ್ಲ. ದರ ಜಾಸ್ತಿಯೆನಿಸಿದರೆ ದಿನ ಬದಲಿಸುತ್ತಾರೆ, ಊರನ್ನೇ ಬದಲಿಸುತ್ತಾರೆ, ಇಲ್ಲವೇ ಮನೆಯಲ್ಲೇ ಇರುತ್ತಾರೆ. ಇಬ್ಬರಿಗೂ ಒಂದೇ ದರ ಇಟ್ಟರೆ ಕಂಪನಿಗೆ ಎರಡು ಬಗೆಯ ನಷ್ಟ. ದರ ಹೆಚ್ಚಿಟ್ಟರೆ ರಜೆಯವರು ಬರುವುದಿಲ್ಲ, ಕಡಿಮೆ ಇಟ್ಟರೆ ಮೀಟಿಂಗ್‌ನವರಿಂದ ಬರಬಹುದಾಗಿದ್ದ ಹಣ ಕೈತಪ್ಪುತ್ತದೆ.

ಅಮೆರಿಕದಲ್ಲಿ 1978ರವರೆಗೆ ಈ ತಲೆನೋವೇ ಇರಲಿಲ್ಲ, ಯಾಕೆಂದರೆ ದರವನ್ನು ಸರ್ಕಾರಿ ಮಂಡಳಿಯೇ ಗೊತ್ತುಮಾಡುತ್ತಿತ್ತು. ಆ ವರ್ಷ ಬಂದ ಕಾಯಿದೆ ದರದ ಕಡಿವಾಣ ತೆಗೆದುಹಾಕಿತು. 1981ರಲ್ಲಿ ಹಾರಾಟ ಶುರುಮಾಡಿದ ಪೀಪಲ್ ಎಕ್ಸ್‌ಪ್ರೆಸ್ ಎಂಬ ಕಂಪನಿ ಅಗ್ಗದ ಟಿಕೆಟ್ ಕೊಟ್ಟು ದೊಡ್ಡವರ ನಿದ್ದೆಗೆಡಿಸಿತು. ಅದಕ್ಕೆ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರಾಂಡಲ್ ಕಂಡುಕೊಂಡ ಉಪಾಯ ಇವತ್ತಿಗೂ ನಮ್ಮ ಟಿಕೆಟ್‌ಗಳನ್ನು ಆಳುತ್ತಿದೆ. ಎಲ್ಲ ಸೀಟುಗಳ ದರ ಇಳಿಸಬೇಡಿ, ಹೇಗೂ ಖಾಲಿ ಉಳಿಯುವಷ್ಟು ಸೀಟುಗಳನ್ನು ಮಾತ್ರ ಅಗ್ಗಕ್ಕೆ ಬಿಡಿ, ಅದನ್ನೂ ಬಹಳ ಮುಂಚೆ ಕೊಳ್ಳುವವರಿಗೆ ಮಾತ್ರ ಕೊಡಿ. 1985ರಲ್ಲಿ ಈ ಅಗ್ಗದ ಟಿಕೆಟ್‌ಗಳು ಬಂದವು. ಯಾವ ವಿಮಾನದಲ್ಲಿ ಎಷ್ಟು ಸೀಟು ಅಗ್ಗಕ್ಕೆ ಬಿಡಬೇಕೆಂದು ಕಂಪ್ಯೂಟರ್ ಹೇಳುತ್ತಿತ್ತು. ಮರುವರ್ಷವೇ ಪೀಪಲ್ ಎಕ್ಸ್‌ಪ್ರೆಸ್ ಬೇರೊಬ್ಬರ ಪಾಲಾಯಿತು. ಈ ವಿದ್ಯೆಯಿಂದ ಮೂರು ವರ್ಷಗಳಲ್ಲಿ 140 ಕೋಟಿ ಡಾಲರ್ ಲಾಭವಾಯಿತೆಂದು ಅಮೆರಿಕನ್ ಏರ್‌ಲೈನ್ಸ್‌ನವರೇ ಆಮೇಲೆ ಲೆಕ್ಕ ಕೊಟ್ಟರು.

ಶನಿವಾರ ರಾತ್ರಿ ಅಲ್ಲೇ ತಂಗಿದರೆ ಮಾತ್ರ ಅಗ್ಗದ ದರ ಎಂಬ ವಿಚಿತ್ರ ಷರತ್ತು ಬಹುಕಾಲ ಇತ್ತಲ್ಲ, ಅದರ ಗುಟ್ಟೂ ಇದೇ. ಕೆಲಸದ ಮೇಲೆ ಹೋದವರು ವಾರಾಂತ್ಯಕ್ಕೆ ಮನೆ ಸೇರುತ್ತಾರೆ, ಪ್ರವಾಸ ಹೋದವರು ಅಲ್ಲೇ ಉಳಿಯುತ್ತಾರೆ. ನೀವು ಯಾರು ಎಂದು ಕೇಳದೆಯೇ ನೀವು ಯಾರೆಂದು ತಿಳಿದುಕೊಳ್ಳುವ ಜಾಣತನ ಅದು.

ಅಕ್ಷರಗಳ ಡಬ್ಬಿಗಳು

ಕಂಪನಿಯ ಕಂಪ್ಯೂಟರ್‌ನಲ್ಲಿ ಎಕಾನಮಿ ಎನ್ನುವುದು ಒಂದೇ ದರ್ಜೆಯಲ್ಲ. ಅದರೊಳಗೆ ಹತ್ತಾರು ಡಬ್ಬಿಗಳಿವೆ. ಪ್ರತಿ ಡಬ್ಬಿಗೂ ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ, ಒಂದು ದರ, ಒಂದಿಷ್ಟು ಷರತ್ತು. ಈ ದರಪಟ್ಟಿಗಳನ್ನು ಬಹುತೇಕ ಕಂಪನಿಗಳು ಎಟಿಪಿಸಿಒ ಎಂಬ ಒಂದು ಸಂಸ್ಥೆಯ ಮೂಲಕ ಪ್ರಕಟಿಸುತ್ತವೆ. ನೀವು ಹುಡುಕಿದಾಗ ಕಾಣುವುದು ಆ ಹೊತ್ತಿನಲ್ಲಿ ತೆರೆದಿರುವ ಡಬ್ಬಿಗಳಲ್ಲಿ ಅತಿ ಅಗ್ಗದ್ದು. ಅದು ಖಾಲಿಯಾಯಿತೋ, ಮುಚ್ಚಲಾಯಿತೋ, ದರ ಒಮ್ಮೆಲೇ ಮುಂದಿನ ಮೆಟ್ಟಿಲಿಗೆ ಹಾರುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ 200 ಡಾಲರ್ ಇದ್ದದ್ದು 245 ಆಗುವುದು ಹೀಗೆ. ಯಾರೋ ನಿಮ್ಮನ್ನು ನೋಡಿ ಏರಿಸಿದ್ದಲ್ಲ, ಡಬ್ಬಿಯ ತಳ ಕಂಡಿತು, ಅಷ್ಟೆ.

ಇದರಲ್ಲೊಂದು ತಮಾಷೆಯೂ ಇದೆ. ಗಂಡ, ಹೆಂಡತಿ, ಮಗು, ಮೂವರಿಗೆ ಒಟ್ಟಿಗೆ ಟಿಕೆಟ್ ಹುಡುಕುತ್ತೀರಿ. ಅಗ್ಗದ ಡಬ್ಬಿಯಲ್ಲಿ ಉಳಿದಿರುವುದು ಎರಡೇ ಸೀಟು ಎಂದುಕೊಳ್ಳಿ. ಸಾಮಾನ್ಯವಾಗಿ ವ್ಯವಸ್ಥೆ ಎರಡನ್ನು ಅಗ್ಗಕ್ಕೂ ಒಂದನ್ನು ದುಬಾರಿಗೂ ಕೊಡುವುದಿಲ್ಲ. ಮೂರನ್ನೂ ದುಬಾರಿ ಡಬ್ಬಿಯಿಂದಲೇ ತೆಗೆಯುತ್ತದೆ. ಅದೇ ಹೊತ್ತಿಗೆ ಇಬ್ಬರಿಗೆಂದು ಹುಡುಕಿದರೆ ತಲಾ ದರ ಕಡಿಮೆ ಕಾಣುತ್ತದೆ. ನೋಡಿದವರಿಗೆ ಇದು ಮೋಸದಂತೆಯೇ ತೋರುತ್ತದೆ, ಆದರೆ ಇದರಲ್ಲಿ ಎಐ ಕೈವಾಡ ಎಳ್ಳಷ್ಟೂ ಇಲ್ಲ.

ಯಾವ ಡಬ್ಬಿಯನ್ನು ಯಾವಾಗ ಮುಚ್ಚಬೇಕು ಎಂಬುದೇ ಅಸಲಿ ಲೆಕ್ಕ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯ ಕೆನ್ ಲಿಟಲ್‌ವುಡ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಊಹೆಯ ಅಂಕಿಗಳನ್ನಿಟ್ಟು ನೋಡೋಣ. ಅಗ್ಗದ ಟಿಕೆಟ್ 100 ಡಾಲರ್, ಕೊನೇ ಗಳಿಗೆಯ ಟಿಕೆಟ್ 300 ಡಾಲರ್. ಹತ್ತು ಸೀಟು ಉಳಿದಿವೆ. ಒಬ್ಬರು 100 ಡಾಲರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಕೊಡಬೇಕೋ, ಬಿಡಬೇಕೋ? ಹಳೆಯ ದಾಖಲೆ ನೋಡಿದರೆ, 300 ಕೊಡುವವರು ಕನಿಷ್ಠ ಐದು ಮಂದಿಯಾದರೂ ಬರುವ ಸಾಧ್ಯತೆ ಶೇ 70. ಅಂದರೆ ಐದನೇ ಸೀಟನ್ನು ಕಾದಿಟ್ಟರೆ ಅದರಿಂದ ನಿರೀಕ್ಷಿಸಬಹುದಾದದ್ದು 300ರ ಶೇ 70, ಅಂದರೆ 210 ಡಾಲರ್. ಕೈಲಿರುವ 100ಕ್ಕಿಂತ ಇದು ಮೇಲು, ಹಾಗಾಗಿ ಕಾದಿಡಬೇಕು. ಎಂಟು ಮಂದಿ ಬರುವ ಸಾಧ್ಯತೆ ಶೇ 40, ಅಂದರೆ 120 ಡಾಲರ್. ಇದನ್ನೂ ಕಾದಿಡಬಹುದು. ಒಂಬತ್ತು ಮಂದಿ ಬರುವ ಸಾಧ್ಯತೆ ಶೇ 30, ಅಂದರೆ 90 ಡಾಲರ್. ಇಲ್ಲಿ ಕೈಲಿರುವ 100 ವಾಸಿ. ಹಾಗಾಗಿ ಎಂಟು ಸೀಟು ಎತ್ತಿಟ್ಟು, ಎರಡನ್ನು ಅಗ್ಗಕ್ಕೆ ಬಿಡಬೇಕು.

ಗಮನಿಸಿ, ಈ ಇಡೀ ಲೆಕ್ಕದಲ್ಲಿ ಬಾಗಿಲಲ್ಲಿ ನಿಂತವರ ಹೆಸರು ಎಲ್ಲೂ ಬರಲಿಲ್ಲ.

ಡಬ್ಬಿಗಳ ನಡುವಿನ ಸಂದು

ಮೆಟ್ಟಿಲುಗಳ ತೊಂದರೆಯೆಂದರೆ ನಡುವೆ ಸಂದು ಉಳಿಯುತ್ತದೆ. 200 ಡಾಲರ್ ಡಬ್ಬಿ ಮುಚ್ಚಿ 245ರ ಡಬ್ಬಿ ತೆರೆದಾಗ, 220 ಕೊಡಲು ತಯಾರಿದ್ದವರು ಕೈಬಿಟ್ಟು ಹೋಗುತ್ತಾರೆ. 200 ತೆರೆದೇ ಇದ್ದರೆ 240 ಕೊಡಲು ತಯಾರಿದ್ದವರೂ 200ಕ್ಕೇ ಕೊಳ್ಳುತ್ತಾರೆ. ಡಬ್ಬಿಗಳಿಗೆ ಇಡಲು ಅಕ್ಷರಗಳಿರುವುದೇ ಇಪ್ಪತ್ತಾರು. ದಶಕಗಳ ಹಿಂದಿನ ಕಂಪ್ಯೂಟರ್ ವ್ಯವಸ್ಥೆ ಹಾಕಿಕೊಟ್ಟ ಗೆರೆ ಅದು.

ಈ ಗೆರೆ ದಾಟಲು ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟ ಐಎಟಿಎ 2012ರಲ್ಲಿ ಎನ್‌ಡಿಸಿ ಎಂಬ ಹೊಸ ಮಾರಾಟ ಮಾನದಂಡಕ್ಕೆ ಅಡಿಪಾಯ ಹಾಕಿತು. ಮೊದಲು ದರಪಟ್ಟಿಯನ್ನು ಎಲ್ಲೋ ಪ್ರಕಟಿಸಿಟ್ಟು, ಏಜೆಂಟರು ಅದನ್ನು ನೋಡಿ ಮಾರುತ್ತಿದ್ದರು. ಹೊಸ ಪದ್ಧತಿಯಲ್ಲಿ ನೀವು ಹುಡುಕಿದಾಗ ಆ ಕೋರಿಕೆ ಕಂಪನಿಯ ಕಂಪ್ಯೂಟರ್‌ಗೇ ಹೋಗುತ್ತದೆ, ಅದು ಆ ಕ್ಷಣದಲ್ಲೇ ಒಂದು ಆಫರ್ ಕಟ್ಟಿ ಕಳಿಸುತ್ತದೆ. ದರ 200 ಅಥವಾ 245 ಆಗಬೇಕಿಲ್ಲ, 217 ಆಗಬಹುದು, 231 ಆಗಬಹುದು. ಲುಫ್ತಾನ್ಸಾ ಸಮೂಹದಂಥವರು ಈ ಮೆಟ್ಟಿಲಿಲ್ಲದ ದರವನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದಾರೆ.

ಒಂದು ಸೂಕ್ಷ್ಮ ಇಲ್ಲಿದೆ. ಮೊದಲಿನದು ಗೋಡೆಗೆ ಅಂಟಿಸಿದ ದರಪಟ್ಟಿ. ಈಗಿನದು ನೀವು ಕೇಳಿದ ಮೇಲೆ ಬರುವ ಉತ್ತರ. ಗೋಡೆಗೆ ನೋಡುವವರು ಯಾರೆಂದು ಗೊತ್ತಿರುವುದಿಲ್ಲ. ಉತ್ತರ ಕೊಡುವವನಿಗೆ ಗೊತ್ತಿರಬಹುದು.

ಎಐ ಎಲ್ಲಿ ಕೆಲಸಕ್ಕೆ ಬರುತ್ತದೆ

ಡೆಲ್ಟಾಗೆ ಈ ತಂತ್ರಾಂಶ ಕೊಡುತ್ತಿರುವುದು ಫೆಚರ್ ಎಂಬ ಇಸ್ರೇಲಿ ಕಂಪನಿ. ವರ್ಜಿನ್ ಅಟ್ಲಾಂಟಿಕ್, ವೆಸ್ಟ್‌ಜೆಟ್, ಬ್ರೆಜಿಲ್‌ನ ಅಜುಲ್ ಕೂಡ ಅದರ ಗ್ರಾಹಕರು. ಇಂಥ ತಂತ್ರಾಂಶದ ಕೆಲಸವನ್ನು ಹೌವೆನ್‌ಸ್ಟೈನ್ ಹೇಳಿದ್ದು ಹೀಗೆ: ದಿನದ 24 ಗಂಟೆ, ವಾರದ ಏಳೂ ದಿನ ದುಡಿಯುವ ಮಹಾ ವಿಶ್ಲೇಷಕ.

ವಿಶ್ಲೇಷಕ ಎಂದರೆ ಯಾರು? ವಿಮಾನ ಕಂಪನಿಗಳಲ್ಲಿ ಮಾರ್ಗಗಳನ್ನು ಹಂಚಿಕೊಂಡು ಕೂತ ಉದ್ಯೋಗಿಗಳಿರುತ್ತಾರೆ. ಎದುರಾಳಿ ಕಂಪನಿ ದರ ಇಳಿಸಿತೇ, ಆ ಊರಲ್ಲಿ ದೊಡ್ಡ ಪಂದ್ಯವಿದೆಯೇ, ಬುಕಿಂಗ್ ಎಂದಿಗಿಂತ ಬೇಗ ತುಂಬುತ್ತಿದೆಯೇ ಎಂದು ನೋಡಿ ಡಬ್ಬಿಗಳನ್ನು ತೆರೆಯುವುದು, ಮುಚ್ಚುವುದು ಅವರ ಕೆಲಸ. ಡೆಲ್ಟಾ ತನ್ನ ಉತ್ತರದಲ್ಲಿ ಹೇಳಿಕೊಂಡಂತೆ ಯಾವುದೇ ಹೊತ್ತಿನಲ್ಲಿ ಮಾರಾಟಕ್ಕಿರುವ ದರಗಳ ಸಂಖ್ಯೆ ಕೋಟಿಗಳಲ್ಲಿದೆ. ಇಷ್ಟನ್ನು ಮನುಷ್ಯರು ದಿನಕ್ಕೊಮ್ಮೆ ನೋಡುವುದೂ ಕಷ್ಟ.

ಹಳೆಯ ತಂತ್ರಾಂಶ ಹಿಂದಿನ ವರ್ಷದ ಇದೇ ವಾರ ಏನಾಯಿತು ಎಂದು ನೋಡಿ ಈ ವರ್ಷವನ್ನು ಊಹಿಸುತ್ತಿತ್ತು. ಸಾಂಕ್ರಾಮಿಕ ಬಂದು 2020ರಲ್ಲಿ ವಿಮಾನಗಳೇ ನಿಂತಾಗ ಆ ಊಹೆಗಳು ಕೆಲಸಕ್ಕೆ ಬಾರದಾದವು. ಎಐ ಮಾದರಿಗಳು ಬರೀ ಹಿಂದಿನದನ್ನು ನೆಚ್ಚಿ ಕೂರುವುದಿಲ್ಲ. ಹುಡುಕಾಟ, ಬುಕಿಂಗ್, ಎದುರಾಳಿಗಳ ದರ ಎಲ್ಲವನ್ನೂ ಆಗಾಗಲೇ ಹೀರಿಕೊಂಡು, ದರವನ್ನು ಕೊಂಚ ಅಲುಗಾಡಿಸಿ ನೋಡಿ ಕಲಿಯುತ್ತವೆ. 217ಕ್ಕೆ ಇಟ್ಟಾಗ ಎಷ್ಟು ಜನ ಕೊಂಡರು, 226ಕ್ಕೆ ಏರಿಸಿದಾಗ ಎಷ್ಟು ಜನ ಪುಟ ಮುಚ್ಚಿದರು? ಕೊಳ್ಳದೆ ಹೋದ ನೀವೂ ಅದಕ್ಕೊಂದು ಪಾಠ ಹೇಳಿಯೇ ಹೋಗಿರುತ್ತೀರಿ.

ಇಲ್ಲಿಯವರೆಗೂ ಇದು ಲಿಟಲ್‌ವುಡ್‌ರ ಲೆಕ್ಕವೇ. ಕಣ್ಣು ಚುರುಕಾಗಿದೆ, ಕೈ ವೇಗವಾಗಿದೆ. ಎಐ ಎಂಬ ಹೆಸರಿಗೇ ಬೆಚ್ಚುವ ಅಗತ್ಯವಿಲ್ಲ ಎನ್ನುವುದು ಇದಕ್ಕಾಗಿ. ಬೆಚ್ಚಬೇಕೋ ಬೇಡವೋ ಎನ್ನುವುದು ಅದರ ಕಣ್ಣಿಗೆ ಏನೇನು ತೋರಿಸುತ್ತಾರೆ ಎಂಬುದರ ಮೇಲಿದೆ.

ಹೊತ್ತು ನೋಡಿ, ಗುಂಪು ನೋಡಿ, ಮುಖ ನೋಡಿ

ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಡುತ್ತಾರೆ. ಮೊದಲನೆಯದು ಹೊತ್ತು ನೋಡಿ ದರ. ಬೇಡಿಕೆ ಏರಿದಾಗ ದರ ಏರುತ್ತದೆ, ಆದರೆ ಆ ಕ್ಷಣದಲ್ಲಿ ಕೇಳಿದ ಎಲ್ಲರಿಗೂ ಅದೇ ದರ. ಇದಕ್ಕೆ ಡೈನಾಮಿಕ್ ಪ್ರೈಸಿಂಗ್ ಎನ್ನುತ್ತಾರೆ. ಎರಡನೆಯದು ಗುಂಪು ನೋಡಿ ದರ: ವಿದ್ಯಾರ್ಥಿಗೆ, ಹಿರಿಯ ನಾಗರಿಕರಿಗೆ ರಿಯಾಯಿತಿ. ಮೂರನೆಯದು ಮುಖ ನೋಡಿ ದರ. ನೀವೆಂಬ ಒಬ್ಬರ ಬಗ್ಗೆ ಗೊತ್ತಿರುವುದನ್ನೆಲ್ಲ ಕೂಡಿಸಿ, ನೀವು ಗರಿಷ್ಠ ಎಷ್ಟು ಕೊಡಬಲ್ಲಿರಿ ಎಂದು ಊಹಿಸಿ, ಅದಕ್ಕೆ ಹತ್ತಿರದ ದರ ಹೇಳುವುದು. ಮಾಹಿತಿಯನ್ನು ಗುಟ್ಟಾಗಿ ಕಲೆಹಾಕಿ ಹೀಗೆ ಮಾಡುವುದನ್ನು ಅಮೆರಿಕದಲ್ಲಿ ಕಣ್ಗಾವಲಿನ ದರ ಎಂದು ಕರೆಯುತ್ತಿದ್ದಾರೆ.

ಗರಿಷ್ಠ ಎಷ್ಟು ಎಂಬುದೇಕೆ ಮುಖ್ಯ? ಒಂದು ಪ್ರಯಾಣಕ್ಕೆ 300 ಡಾಲರ್ ಕೊಡಲೂ ನೀವು ಮನಸ್ಸು ಮಾಡಿಕೊಂಡಿದ್ದಿರಿ, ಸಿಕ್ಕಿದ್ದು 200ಕ್ಕೆ. ಉಳಿದ 100 ನಿಮ್ಮ ಜೇಬಿನಲ್ಲೇ ಇದೆ. ಪ್ರತಿಯೊಬ್ಬರ ಮನಸ್ಸಿನ ಗರಿಷ್ಠ ದರ ಗೊತ್ತಾದರೆ ಆ 100 ಕಂಪನಿಯ ಜೇಬಿಗೆ ಹೋಗುತ್ತದೆ. ಇದರಿಂದ 150 ಮಾತ್ರ ಕೊಡಬಲ್ಲವರಿಗೂ ಸೀಟು ಸಿಗಬಹುದು ಎಂಬುದೂ ನಿಜ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲೇ ಇದನ್ನು ದರಭೇದದ ಮೊದಲ ದರ್ಜೆ ಎಂದು ಕರೆದು, ಆಚರಣೆಗೆ ತರುವುದು ಕಷ್ಟ ಎಂದಿದ್ದರು. ಒಬ್ಬೊಬ್ಬರ ಮನಸ್ಸಿನ ಲೆಕ್ಕ ಯಾರಿಗೆ ತಾನೇ ಗೊತ್ತಿರುತ್ತದೆ? ಈಗ ಅದನ್ನು ಊಹಿಸುವಷ್ಟು ಮಾಹಿತಿ ಸಿಗತೊಡಗಿದೆ ಎನ್ನುವುದೇ ಹೊಸ ಸಂಗತಿ.

ಮುಖ ನೋಡಿ ದರ ಹೇಳುವುದು ಹಳೆಯ ಕಾಲದ ವ್ಯಾಪಾರಿಗಳಿಗೆ ಮಾಮೂಲಿಯಾಗಿತ್ತು. ವಸ್ತುವಿಗೆ ದರದ ಚೀಟಿ ಅಂಟಿಸಿ ಎಲ್ಲರಿಗೂ ಒಂದೇ ಬೆಲೆ ಎನ್ನುವ ಪದ್ಧತಿ ಬೇರೂರಿದ್ದು 19ನೇ ಶತಮಾನದಲ್ಲಿ. 1870ರ ದಶಕದಲ್ಲಿ ಫಿಲಡೆಲ್ಫಿಯಾದ ಜಾನ್ ವನಮೇಕರ್ ತನ್ನ ದೊಡ್ಡ ಮಳಿಗೆಯಲ್ಲಿ ಇದನ್ನೇ ಹೆಮ್ಮೆಯಿಂದ ಸಾರಿದವನು. ಆದರೆ ಹಳೆಯ ಚೌಕಾಸಿಯಲ್ಲಿ ವ್ಯಾಪಾರಿ ನಿಮ್ಮ ಮುಖ ನೋಡುತ್ತಿದ್ದಂತೆ ನೀವೂ ಅವನ ಮುಖ ನೋಡುತ್ತಿದ್ದಿರಿ, ಎದ್ದು ಹೊರಟಂತೆ ನಟಿಸುತ್ತಿದ್ದಿರಿ. ಪರದೆಯ ಮುಂದೆ ಕೂತಾಗ ನೋಡುವುದು ಒಂದೇ ಕಡೆಯಿಂದ.

ಗೆರೆ ಎಷ್ಟು ತೆಳು ಎಂಬುದಕ್ಕೆ 2025ರದೇ ಒಂದು ಉದಾಹರಣೆ. ಅಮೆರಿಕದ ಕೆಲವು ದೊಡ್ಡ ಕಂಪನಿಗಳು ದೇಶದೊಳಗಿನ ಕೆಲವು ಮಾರ್ಗಗಳಲ್ಲಿ ಇಬ್ಬರಿಗೆ ಹುಡುಕಿದರೆ ತಲಾ ಕಡಿಮೆ ದರವನ್ನೂ, ಒಬ್ಬರೇ ಹೊರಟರೆ ಹೆಚ್ಚು ದರವನ್ನೂ ತೋರಿಸುತ್ತಿದ್ದುದು ಬೆಳಕಿಗೆ ಬಂತು. ಒಬ್ಬರೇ ಹೋಗುವವರು ಕೆಲಸದ ಮೇಲೆ ಹೋಗುವವರಿರಬೇಕು ಎಂಬ ಲೆಕ್ಕ; ಶನಿವಾರ ರಾತ್ರಿಯ ಷರತ್ತಿನ ಮೊಮ್ಮಗು. ಇದಕ್ಕೆ ನಿಮ್ಮ ಖಾಸಗಿ ಮಾಹಿತಿ ಬೇಕಿಲ್ಲ, ಎಐ ಕೂಡ ಬೇಕಿಲ್ಲ. ಆದರೂ ಒಂಟಿಯಾಗಿ ತಾಯಿಯನ್ನು ನೋಡಲು ಹೊರಟವರಿಗೂ ಅದೇ ಬರೆ.

ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್‌ನ ಅಧ್ಯಕ್ಷೆಯಾಗಿದ್ದ ಲೀನಾ ಖಾನ್ ಕೊಟ್ಟ ಒಂದು ಉದಾಹರಣೆ ಸೆನೆಟರ್‌ಗಳ ಪತ್ರದಲ್ಲೂ ಬಂತು: ಮನೆಯಲ್ಲಿ ಸಾವಾಗಿದೆ ಎಂದು ತಿಳಿದು ವಿಮಾನ ಕಂಪನಿ ದರ ಏರಿಸಿದರೆ? ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಸಾವಿನ ಮನೆಗೆ ನಾಳೆಯ ಟಿಕೆಟ್ ಕೊಳ್ಳುವವರು ಈಗಲೂ ಹೆಚ್ಚೇ ಕೊಡುತ್ತಿದ್ದಾರೆ. ವ್ಯತ್ಯಾಸವೆಂದರೆ, ಈಗಿನ ವ್ಯವಸ್ಥೆಗೆ ಅವರು ನಾಳೆಯೇ ಹೋಗಬೇಕೆಂಬುದು ಮಾತ್ರ ಗೊತ್ತು, ಏಕೆ ಎಂಬುದು ಗೊತ್ತಿಲ್ಲ. ಪಕ್ಕದಲ್ಲಿ ಹೊರಟ ಮೀಟಿಂಗ್‌ನವರಿಗೂ ಅದೇ ದರ.

ಟಿಕೆಟ್‌ನ ಮೇಲೆ ನಿಮ್ಮ ಹೆಸರಿದೆ

ಮುಖ ನೋಡಿ ದರ ಹಾಕಲು ವಿಮಾನದ ಟಿಕೆಟ್‌ನಷ್ಟು ಅನುಕೂಲದ ಸರಕು ಇನ್ನೊಂದಿಲ್ಲ. ಪುಸ್ತಕವನ್ನು ನನಗೆ ಅಗ್ಗಕ್ಕೂ ನಿಮಗೆ ದುಬಾರಿಗೂ ಮಾರಿದರೆ, ನಾನು ಎರಡು ಕೊಂಡು ಒಂದನ್ನು ನಿಮಗೆ ಮಾರಬಹುದು. ಅಲ್ಲಿಗೆ ದರಭೇದ ಬಿದ್ದುಹೋಗುತ್ತದೆ. ಟಿಕೆಟ್‌ನಲ್ಲಿ ಹೆಸರಿದೆ, ಗುರುತಿನ ಚೀಟಿ ತೋರಿಸಬೇಕು, ಮರುಮಾರಾಟ ಸಾಧ್ಯವಿಲ್ಲ. ಅದೂ ಸಾಲದೆಂಬಂತೆ ಕಂಪನಿಯ ಬಳಿ ನಿಮ್ಮ ಚರಿತ್ರೆಯೇ ಇರುತ್ತದೆ. ಲಾಯಲ್ಟಿ ಸದಸ್ಯತ್ವ ಪಡೆದು ಲಾಗಿನ್ ಆಗಿದ್ದರೆ ಹಿಂದೆ ಎಲ್ಲೆಲ್ಲಿಗೆ ಹೋದಿರಿ, ಎಷ್ಟು ಮುಂಚೆ ಕೊಂಡಿರಿ, ಕಾಲು ಚಾಚುವ ಸೀಟಿಗೆ ಹೆಚ್ಚು ಹಣ ಕೊಟ್ಟಿರೋ ಇಲ್ಲವೋ ಎಲ್ಲವೂ ಅದಕ್ಕೆ ಗೊತ್ತು.

ತಡೆಯುವ ಸಂಗತಿಗಳೂ ಇವೆ. ಗೂಗಲ್ ಫ್ಲೈಟ್ಸ್, ಕಯಾಕ್‌ನಂಥ ತಾಣಗಳಲ್ಲಿ ಎಲ್ಲ ಕಂಪನಿಗಳ ದರ ಒಂದೇ ಪರದೆಯಲ್ಲಿ ಕಾಣುತ್ತದೆ, ಲಾಗಿನ್ ಬೇಕಿಲ್ಲ. ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ. 2000ದಲ್ಲಿ ಅಮೆಜಾನ್ ಒಂದೇ ಡಿವಿಡಿಯನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ದರಕ್ಕೆ ಮಾರಿದ್ದು ಗೊತ್ತಾಗಿ ಜನ ರೊಚ್ಚಿಗೆದ್ದರು. ಅದು ಕೇವಲ ಯಾದೃಚ್ಛಿಕ ಪರೀಕ್ಷೆ, ಗ್ರಾಹಕರ ಮಾಹಿತಿ ನೋಡಿ ಮಾಡಿದ್ದಲ್ಲ ಎಂದ ಜೆಫ್ ಬೆಜೋಸ್ ಕ್ಷಮೆ ಕೇಳಿದರು. ಡೆಲ್ಟಾ ಗಲಾಟೆಯ ನಡುವೆ ಎದುರಾಳಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಐಸಮ್ ಕೂಡ, ಹೀಗೆ ಎಐ ಬಳಸಿದರೆ ಗ್ರಾಹಕರ ನಂಬಿಕೆಗೆ ಪೆಟ್ಟು ಬೀಳುತ್ತದೆ ಎಂದರು.

ದರ ಬದಲಿಸದೆಯೂ ಮಣೆ ಬದಲಿಸಬಹುದು ಎಂಬುದನ್ನು ಮರೆಯಬಾರದು. 2012ರಲ್ಲಿ ಆರ್ಬಿಟ್ಸ್ ಎಂಬ ಪ್ರವಾಸ ತಾಣ, ಆಪಲ್ ಮ್ಯಾಕ್ ಬಳಸುವವರು ಹೋಟೆಲ್‌ಗೆ ಹೆಚ್ಚು ಖರ್ಚು ಮಾಡುತ್ತಾರೆಂದು ಕಂಡುಕೊಂಡು ಅವರಿಗೆ ದುಬಾರಿ ಹೋಟೆಲ್‌ಗಳನ್ನು ಮೇಲೆ ತೋರಿಸುತ್ತಿತ್ತು. ಒಂದೇ ಕೋಣೆಗೆ ಎರಡು ದರ ಇರಲಿಲ್ಲ. ಪಟ್ಟಿಯ ಸಾಲು ಬೇರೆ, ಅಷ್ಟೆ. ಹಾಗೆಯೇ ಟಿಕೆಟ್ ದರ ಎಲ್ಲರಿಗೂ ಒಂದೇ ಇಟ್ಟು, ನಿಮಗೊಂದು ರಿಯಾಯಿತಿ ಕೂಪನ್, ನನಗೆ ಇಲ್ಲ ಎಂದರೂ ಲೆಕ್ಕ ಒಂದೇ. ನನ್ನ ಮಟ್ಟಿಗೆ ಕಣ್ಣಿಡಬೇಕಾದದ್ದು ಟಿಕೆಟ್‌ಗಿಂತ ಹೆಚ್ಚಾಗಿ ಸೀಟು ಆಯ್ಕೆ, ಲಗೇಜು, ಅಪ್‌ಗ್ರೇಡ್‌ಗಳ ಮೇಲೆ. ಅವುಗಳ ದರವನ್ನು ಹೋಲಿಸಿ ನೋಡುವ ತಾಣಗಳು ಕಡಿಮೆ.

ಗುಟ್ಟಾಗಿ ಹುಡುಕಿದರೆ ಅಗ್ಗವಾಗುತ್ತದೆಯೇ?

ಕುಕಿಗಳನ್ನು, ಅಂದರೆ ತಾಣಗಳು ನಿಮ್ಮ ಬ್ರೌಸರ್‌ನಲ್ಲಿ ಬಿಟ್ಟುಹೋದ ಗುರುತುಗಳನ್ನು, ಅಳಿಸಿ ಹುಡುಕಿ, ಇನ್‌ಕಾಗ್ನಿಟೊದಲ್ಲಿ ಹುಡುಕಿ, ಮಂಗಳವಾರ ಹುಡುಕಿ ಎಂಬ ಸಲಹೆಗಳು ಎಲ್ಲೆಲ್ಲೂ ಓಡಾಡುತ್ತವೆ. ನೀವು ಎರಡು ಸಲ ಹುಡುಕಿದ್ದಕ್ಕೇ ದರ ಏರಿತು ಎಂಬುದಕ್ಕೆ ಗಟ್ಟಿ ಪುರಾವೆ ಇದುವರೆಗೆ ಸಿಕ್ಕಿಲ್ಲ. ಅಮೆರಿಕದ ದೊಡ್ಡ ವಿಮಾನ ಕಂಪನಿಯೊಂದರ ಒಳಗಿನ ದತ್ತಾಂಶ ಪಡೆದು ಅರ್ಥಶಾಸ್ತ್ರಜ್ಞರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡದ್ದು ಬೇರೆಯೇ ಚಿತ್ರ: ದರಪಟ್ಟಿ ಮಾಡುವ ವಿಭಾಗ ಒಂದು, ಡಬ್ಬಿಗಳಿಗೆ ಸೀಟು ಹಂಚುವ ವಿಭಾಗ ಇನ್ನೊಂದು, ಎರಡರ ನಡುವೆ ತಾಳಮೇಳವೇ ಸರಿಯಿಲ್ಲ. ನಮ್ಮ ಮನಸ್ಸು ಓದುವುದಿರಲಿ, ಪಕ್ಕದ ವಿಭಾಗದ ಮನಸ್ಸೇ ಓದಲಾಗದ ಸ್ಥಿತಿ. ಎಐ ಮಾರುವವರಿಗೆ ಇಷ್ಟು ಬೇಡಿಕೆ ಬಂದದ್ದು ಏಕೆಂದು ಇದರಿಂದಲೂ ಅರ್ಥವಾಗುತ್ತದೆ.

ಡೆಲ್ಟಾ ಹೇಳುವಂತೆ ಅದರ ಎಐಗೆ ಕೊಡುವುದು ಮಾರ್ಗವಾರು, ವಿಮಾನವಾರು ಒಟ್ಟುಗೂಡಿಸಿದ ಮಾಹಿತಿ ಮಾತ್ರ, ವ್ಯಕ್ತಿಯ ಮಾಹಿತಿಯಲ್ಲ. ಹೊರಗಿನಿಂದ ನೋಡುವವರಿಗೆ ಇದನ್ನು ಪರೀಕ್ಷಿಸುವುದು ಸುಲಭವಲ್ಲ. ಎರಡು ಫೋನಿನಲ್ಲಿ ಒಂದೇ ಹೊತ್ತಿಗೆ ಹುಡುಕಿ ಎರಡು ದರ ಬಂದರೂ, ನಡುವಿನ ಕ್ಷಣದಲ್ಲಿ ಯಾರೋ ಸೀಟು ಕೊಂಡಿರಬಹುದು, ಒಂದು ತಾಣ ಹಳೆಯ ದರ ತೋರಿಸುತ್ತಿರಬಹುದು. ಕ್ಷಣಕ್ಷಣಕ್ಕೂ ಬದಲಾಗುವ ದರದಲ್ಲಿ ಹೊತ್ತಿನಿಂದ ಆದ ವ್ಯತ್ಯಾಸ ಯಾವುದು, ಮುಖದಿಂದ ಆದದ್ದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟ.

ಕಾನೂನಿನ ಕೈ ಎಲ್ಲಿಯವರೆಗೆ

ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ಮಾಸ್ಟರ್‌ಕಾರ್ಡ್, ಮೆಕಿನ್ಸಿ ಸೇರಿ ಎಂಟು ಕಂಪನಿಗಳಿಂದ ಕಣ್ಗಾವಲಿನ ದರದ ಬಗ್ಗೆ ಮಾಹಿತಿ ಕೇಳಿತು. 2025ರ ಜನವರಿಯಲ್ಲಿ ಬಂದ ಆರಂಭಿಕ ವರದಿಯ ಪ್ರಕಾರ ಗ್ರಾಹಕ ಇರುವ ಜಾಗ, ಬ್ರೌಸರ್ ಚರಿತ್ರೆ, ಪುಟದ ಮೇಲೆ ಮೌಸ್ ಓಡಿದ ರೀತಿ ಇವನ್ನೂ ದರ ಹೊಂದಿಸಲು ಬಳಸುವ ಉಪಕರಣಗಳಿವೆ. ಆದರೆ ಅದು ಚಿಲ್ಲರೆ ವ್ಯಾಪಾರದ ಸುತ್ತ ನಡೆದ ವಿಚಾರಣೆ. ವಿಮಾನ ಕಂಪನಿಗಳು ಆ ಆಯೋಗದ ವ್ಯಾಪ್ತಿಗೇ ಬರುವುದಿಲ್ಲ. ಅವುಗಳ ಅನ್ಯಾಯದ ವ್ಯವಹಾರ ನೋಡಿಕೊಳ್ಳಬೇಕಾದದ್ದು ಸಾರಿಗೆ ಇಲಾಖೆ. ವೈಯಕ್ತಿಕ ಮಾಹಿತಿ ಬಳಸಿ ದರ, ಸಂಬಳ ಗೊತ್ತುಮಾಡುವುದನ್ನು ತಡೆಯುವ ಮಸೂದೆಯೊಂದನ್ನು ಅಮೆರಿಕದ ಸಂಸತ್ತಿನಲ್ಲಿ ಗ್ರೆಗ್ ಕಸಾರ್ ಮತ್ತು ರಶೀದಾ ತ್ಲೈಬ್ 2025ರ ಜುಲೈನಲ್ಲಿ ಮಂಡಿಸಿದರು.

ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಒಂದು ನಿಯಮವಿದೆ. ಯಂತ್ರವೇ ನಿರ್ಧರಿಸಿ ವ್ಯಕ್ತಿಗೆ ತಕ್ಕ ದರ ಹಾಕಿದ್ದರೆ ಆನ್‌ಲೈನ್ ಮಾರಾಟಗಾರ ಅದನ್ನು ಕೊಳ್ಳುವ ಮೊದಲೇ ಗ್ರಾಹಕನಿಗೆ ಹೇಳಬೇಕು. ಓದಿ ಸಮಾಧಾನ ಪಡುವಷ್ಟರಲ್ಲಿ ಒಂದು ಅಡಿಟಿಪ್ಪಣಿ ಕಾಣುತ್ತದೆ: ಆ ಕಾಯಿದೆಯ ಬಹುಪಾಲು ಕಲಮುಗಳಿಂದ ಪ್ರಯಾಣಿಕರ ಸಾರಿಗೆಯನ್ನು ಹೊರಗಿಡಲಾಗಿದೆ. ವಿಮಾನಗಳಿಗೆಂದೇ ಇರುವ 2008ರ ಇನ್ನೊಂದು ನಿಯಮ, ಪ್ರಯಾಣಿಕರ ರಾಷ್ಟ್ರೀಯತೆ ಅಥವಾ ಒಕ್ಕೂಟದೊಳಗೆ ಅವರಿರುವ ಊರನ್ನು ನೋಡಿ ದರಭೇದ ಮಾಡಬಾರದು ಎನ್ನುತ್ತದೆ.

ನ್ಯೂಯಾರ್ಕ್ ರಾಜ್ಯ ಇನ್ನೂ ನೇರವಾಗಿ ಹೋಯಿತು. 2025ರ ನವೆಂಬರ್‌ನಿಂದ ಜಾರಿಯಾದ ಅಲ್ಲಿನ ಕಾಯಿದೆಯಂತೆ, ವೈಯಕ್ತಿಕ ಮಾಹಿತಿ ಬಳಸಿ ದರ ಹಾಕುವವರು ಆ ದರದ ಹತ್ತಿರವೇ ಒಂದು ಸಾಲು ಬರೆಯಬೇಕು: ‘ನಿಮ್ಮ ವೈಯಕ್ತಿಕ ಮಾಹಿತಿಯನ್ನು ಬಳಸಿ ಅಲ್ಗಾರಿದಮ್ ಈ ದರವನ್ನು ನಿಗದಿ ಮಾಡಿದೆ.’ ಈ ಸಾಲು ವಿಮಾನದ ಟಿಕೆಟ್‌ನ ಪಕ್ಕದಲ್ಲೂ ಬರಬೇಕೇ ಎಂದು ಕೇಳಿದರೆ ಉತ್ತರ ಹುಡುಕಲು 1978ಕ್ಕೇ ಹೋಗಬೇಕು. ದರದ ಕಡಿವಾಣ ತೆಗೆದ ಅದೇ ಕಾಯಿದೆ, ವಿಮಾನದ ದರ, ಮಾರ್ಗ, ಸೇವೆಗೆ ಸಂಬಂಧಿಸಿದ ಕಾನೂನನ್ನು ಯಾವ ರಾಜ್ಯವೂ ಮಾಡಕೂಡದು ಎಂದೂ ಬರೆದಿಟ್ಟಿದೆ.

ಸದ್ಯಕ್ಕೆ ಪ್ರಯಾಣಿಕರ ಕೈಲಿರುವುದು ಚಿಕ್ಕಪುಟ್ಟ ಉಪಾಯಗಳು. ಲಾಗಿನ್ ಆಗಿ ಒಮ್ಮೆ, ಆಗದೆ ಒಮ್ಮೆ ದರ ನೋಡುವುದು. ಗುಂಪಾಗಿ ಹೊರಟಾಗ ಒಬ್ಬರಿಗೆಂದೂ ಹುಡುಕಿ ಹೋಲಿಸುವುದು. ಅಮೆರಿಕದಲ್ಲಿ ಕಂಪನಿಯಿಂದಲೇ ನೇರವಾಗಿ ಕೊಂಡವರಿಗೆ ಇನ್ನೊಂದು ಅನುಕೂಲವಿದೆ: ಹಾರಾಟಕ್ಕೆ ಕನಿಷ್ಠ ಏಳು ದಿನ ಇರುವಾಗ ಬುಕ್ ಮಾಡಿದ್ದರೆ, ಕಂಪನಿಗಳು ಒಂದೋ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು, ಇಲ್ಲವೇ ಹಣ ಪಡೆಯದೆ ಅಷ್ಟು ಹೊತ್ತು ಆ ದರ ಹಿಡಿದಿಡಬೇಕು. ರದ್ದತಿಗೆ ಅವಕಾಶ ಕೊಡುವ ಕಂಪನಿಯಾದರೆ ಟಿಕೆಟ್ ಕೊಂಡ ಮೇಲೂ ಒಂದು ದಿನ ದರ ನೋಡುತ್ತಿರಬಹುದು. ಇಳಿದರೆ ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳಬಹುದು.